ಕಲ್ಲೂ ಇರಕೂಡದು

"ಅಳಿಸಿದ ಮೇಲೆ ಹೋಗ್ಬೇಕಲ್ವೇನಮ್ಮ? ಇದ್ಯಾಕೆ ಇನ್ನೂ ಇಲ್ಲಿ ಹಲ್ಲು ಕಿರೀತಿದೆ?"

ಹಂಗಾಮಿ ನಿರ್ದೇಶಕ ಪರದೆಗೆ ಬೆರಳು ಕುಟ್ಟಿದ. ಅವನನ್ನು ಕಾಯಂ ಮಾಡಲು ಆಡಳಿತ ಮಂಡಳಿ ಸಂಜೆಯೇ ಬರುವುದಿತ್ತು. ಪರದೆಯ ಮೇಲೆ ಒಂದೇ ಸಾಲು: ಹಿಂದಿನ ನಿರ್ದೇಶಕರ ದಾಖಲೆ ಅಳಿಸಲಾಗಿದೆ, ಅಳಿಸಿದವರು, ಅಳಿಯ. ಅದು ಮಂಡಳಿಯ ಕಣ್ಣಿಗೆ ಬಿದ್ದರೆ ಕುರ್ಚಿ ಕೈಬಿಟ್ಟ ಹಾಗೇ.

ಹಿಂದಿನ ನಿರ್ದೇಶಕರು ಇವನಿಗೆ ಹೆಣ್ಣು ಕೊಟ್ಟ ಮಾವ. ಅವರು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮಲಗಿದ್ದಾಗ ಅಳಿಯ ಅವರ ದಾಖಲೆಯಲ್ಲಿ ಮೊದಲು 'ದೃಷ್ಟಿ ಮಂದ' ಎಂದು ಬರೆದ. ಆಮೇಲೆ ತಿದ್ದಿ 'ಸ್ವಂತ ಇಚ್ಛೆಯಿಂದ ನಿವೃತ್ತಿ' ಎಂದ. ಕೊನೆಗೆ ದಾಖಲೆಯನ್ನೇ ಅಳಿಸಿದ. ಆ ಕಚೇರಿಯಲ್ಲಿ ಕಂಪ್ಯೂಟರು ಹೇಳಿದ್ದೇ ವೇದವಾಕ್ಯ. ಕಾರ್ಡು ತೋರಿಸಿದರೆ "ನಮಸ್ಕಾರ, ನಿರ್ದೇಶಕರೇ" ಎನ್ನುತ್ತಿದ್ದ ಗಾಜಿನ ಬಾಗಿಲು ಮಾವನಿಗೆ "ತಾವು ಯಾರು?" ಎಂದಿತು. ಪಾಪ, ಈಗಲೂ ಅವರು ದಿನಾ ಸಂಜೆ ವಾಕಿಂಗ್ ಮುಗಿಸಿ ಬಂದು, ಕಾರ್ಡು ತೋರಿಸಿ, ಆ ಪ್ರಶ್ನೆ ಕೇಳಿಸಿಕೊಂಡು ಮನೆಗೆ ಹೋಗುತ್ತಾರೆ.

"ಹಳೇ ತಿದ್ದುಪಡಿಗಳನ್ನೆಲ್ಲ ಗುಡಿಸಿ ಹಾಕಿದೀನಿ ಸಾರ್," ಎಂದಳು ದಾಖಲೆ ನೋಡಿಕೊಳ್ಳುವವಳು. "ಇದು ಸಮಾಧಿ ಕಲ್ಲು. ಎಲ್ಲ ಶಾಖೆಗಳ ಕಂಪ್ಯೂಟರಲ್ಲೂ ನಮ್ಮ ದಾಖಲೆಗಳ ಪ್ರತಿ ಇರತ್ತೆ. ಅಲ್ಲೆಲ್ಲಾದ್ರೂ ನಿಮ್ಮ ಮಾವ ಇನ್ನೂ ಉಳಿದಿದ್ರೆ, ಆ ಕಂಪ್ಯೂಟರು ಈ ಕಲ್ಲು ನೋಡಿ ಅವರನ್ನ ಅಳಿಸ್ಕೊಳ್ಳತ್ತೆ. ಕಲ್ಲಿದ್ರೇನೇ ಒಳ್ಳೇದು. ಹೋದವರು ಹೋದ ಹಾಗೆ ಇರ್ತಾರೆ."

"ಕಂಪ್ಯೂಟರಿಗೂ ದೆವ್ವದ ಕಾಟಾನಾ? ಕಿತ್ತು ಹಾಕು!"

"ಬಂದರು ಶಾಖೆಯ ಕಂಪ್ಯೂಟರು ಅವರ ಆಪರೇಷನ್‌ಗೂ ಮುಂಚಿನಿಂದ ಕೆಟ್ಟು ಕೂತಿದೆ ಸಾರ್. ಅದು ರಿಪೇರಿ ಆಗೋ ತನಕ..."

"ಇಲ್ಲಿ ನಿರ್ದೇಶಕ ಯಾರು? ನೀನೋ, ನಾನೋ?"

"ಸದ್ಯಕ್ಕೆ ನೀವೇ ಸಾರ್," ಎಂದು ಅವಳು ಕಲ್ಲು ಕಿತ್ತಳು.

ಅಳಿಯನ ಎದೆ ಹಗುರಾಯಿತು. ಆ ಖುಷಿಗೆ ಸುಮ್ಮಸುಮ್ಮನೆ ಹೊರಗೆ ಹೋಗಿ ಬಂದು ಬಾಗಿಲಿನಿಂದ ನಮಸ್ಕಾರ ಹೇಳಿಸಿಕೊಂಡ.

ಸಂಜೆ ಮಂಡಳಿಯವರು ಬಂದು ಕೂತರು. ದಾಖಲೆಗಳು ತೊಳೆದಿಟ್ಟ ಹಾಗಿದ್ದವು. ಅಧ್ಯಕ್ಷೆ ಸಹಿ ಹಾಕಲು ಪೆನ್ನು ತೆಗೆದರು. ಅಷ್ಟರಲ್ಲಿ ದಾಖಲೆಯವಳು ಬಾಗಿಲಲ್ಲಿ ಇಣುಕಿದಳು.

"ಬಂದರು, ಸಾರ್."

"ಬಂದರು ಶಾಖೆಯಾ? ರಿಪೇರಿ ಆಯ್ತಾ?"

"ಆಯ್ತು ಸಾರ್. ತನ್ನ ಹತ್ರ ಇದ್ದದ್ದನ್ನೆಲ್ಲ ಈಗಷ್ಟೇ ಇಲ್ಲಿಗೆ ಕಳಿಸ್ತು."

"ಸಂತೋಷ. ಅಷ್ಟೇ ತಾನೇ?" ಅಳಿಯ ಕುರ್ಚಿಗೆ ಇನ್ನಷ್ಟು ಒರಗಿದ.

"ಅಷ್ಟೇ ಅಲ್ಲ ಸಾರ್. ಬಂದರು."

"ನಮಸ್ಕಾರ, ನಿರ್ದೇಶಕರೇ," ಎಂದಿತು ಹೊರಗಿನ ಗಾಜಿನ ಬಾಗಿಲು, ವಾಕಿಂಗ್ ಮುಗಿಸಿ ಬಂದವರಿಗೆ.