ಗೆಲುವಿನ ಅಂತರ

"ಭಾವ, ಗೆಲುವಿನ ಅಂತರಾನೂ ಲೆಕ್ಕಕ್ಕೆ ಹಾಕು. ಐವತ್ತು ಪಾಯಿಂಟ್‌ನಿಂದ ಗೆದ್ದ ನಮ್ಮೂರ ತಂಡಾನ ಎರಡನೇ ಸ್ಥಾನದಲ್ಲಿ ಕೂರಿಸಿದ್ರೆ ಊರವ್ರು ನಿನ್ನ ಸುಮ್ನೆ ಬಿಡ್ತಾರಾ?" ಎಂದು ಡ್ವೇನ್ ಕಾಫಿ ಲೋಟವನ್ನು ಕಂಪ್ಯೂಟರಿನ ಪಕ್ಕ ಕುಕ್ಕಿದ. ನೆಬ್ರಾಸ್ಕಾದ ಆ ಊರಿನ ಪತ್ರಿಕೆಗೆ ಭಾನುವಾರ ಭಾನುವಾರ ಕಾಲೇಜುಗಳ ಅಮೆರಿಕನ್ ಫುಟ್‌ಬಾಲ್ ತಂಡಗಳ ಶ್ರೇಯಾಂಕ ಕಳಿಸುವವನು ಅವನ ಭಾವ ಮರ್ಲಿನ್. ಅವನ ಸೂತ್ರ ಯಾರು ಯಾರನ್ನು ಗೆದ್ದರೆಂದಷ್ಟೇ ನೋಡುತ್ತಿತ್ತು, ಎಷ್ಟರಿಂದ ಎಂದು ಕೇಳುತ್ತಿರಲಿಲ್ಲ.

ಊರಿನ ತಂಡ ಮೊದಲಾಗಲೆಂಬ ಆಸೆ ಮರ್ಲಿನ್‌ಗೂ ಇತ್ತು. ಅಂತರವನ್ನು ಸೇರಿಸಿ ಗುಂಡಿ ಒತ್ತಿದ. ಆದರೂ ಕೂದಲೆಳೆಯಷ್ಟು ಕಡಿಮೆ ಬಿದ್ದು ತಂಡ ಮತ್ತೆ ಎರಡನೇ ಸ್ಥಾನದಲ್ಲೇ ನಿಂತಿತು.

"ಥೂ! ನಿನ್ನೆ ಕೊನೇಲಿ ಗೋಲು ಗೆರೆ ಹತ್ರ ಹೋಗಿ, ಪಾಯಿಂಟ್ ಗಳಿಸೋದು ಬಿಟ್ಟು ಚೆಂಡು ಹಿಡ್ಕೊಂಡೇ ಮಂಡಿಯೂರಿ ಆಟ ಮುಗಿಸ್ಬಿಟ್ರಲ್ಲ! ಇನ್ನೊಂದು ಸಲ ಗೆರೆ ದಾಟಿದ್ರೆ ನಾವೇ ಮೊದಲು!" ಎಂದ ಡ್ವೇನ್.

"ಸೋತು ಸುಣ್ಣವಾದ ಹುಡುಗರನ್ನ ಇನ್ನೂ ಬಡಿಯೋದು ಬೇಡ ಅಂತ ಮಂಡಿಯೂರಿದ್ರು. ಆಗ ಎಲ್ಲರಿಗಿಂತ ಮುಂಚೆ ಎದ್ದು ಚಪ್ಪಾಳೆ ಹೊಡ್ದೋನು ಯಾರಪ್ಪ?" ಎಂದ ಮರ್ಲಿನ್.

ಡ್ವೇನ್‌ನ ಕಿವಿ ಕೆಂಪಾಯಿತು. ಟೋಪಿ ತೆಗೆದು ತಲೆ ಕೆರೆದುಕೊಂಡ. ಆಮೇಲೆ ತಾನೇ ಕೈಚಾಚಿ ಅಂತರದ ಲೆಕ್ಕವನ್ನು ಅಳಿಸಿದ.

"ಎರಡನೇ ಸ್ಥಾನಕ್ಕೇನಾಗಿದೆ ಭಾವ," ಎಂದ, "ಕಳ್ಸು."