ಎರಡು ಎಂಜಿನ್ನಿಗೆ ಒಂದೇ ಬ್ಲಾಕ್

ಪೆಟ್ರೋಲ್ ಎಂಜಿನ್ನಿಗೂ ಡೀಸೆಲ್ ಎಂಜಿನ್ನಿಗೂ ಹೊಂದುವ ಒಂದೇ ಬ್ಲಾಕನ್ನು, ಅಂದರೆ ಎಂಜಿನ್ನಿನ ಲೋಹದ ಒಡಲನ್ನು, ಡಿಸೈನ್ ಮಾಡಿದವಳು ವಾರಿಜಾ. ಪೆಟ್ರೋಲ್ ಎಂಜಿನ್ ಪಾಸಾದ ದಿನ ಹಾರ ಹಾಕಿಸಿಕೊಂಡವನು ಚೀಫ್ ಎಂಜಿನಿಯರ್ ಫಾಲಾಕ್ಷ. ಅಂದಿನಿಂದ ಅವಳ ಹೊಟ್ಟೆಯೊಳಗಿನ ಕಿಚ್ಚು ಆರಿರಲಿಲ್ಲ.

ಡೀಸೆಲ್ ಟೆಸ್ಟಿಗಂತೂ ಅವಳನ್ನು ಹತ್ತಿರವೂ ಸೇರಿಸಲಿಲ್ಲ. ಅಂದು ಸಂಜೆಯೇ ಅವನ ಕೋಣೆಗೆ ನುಗ್ಗಿದಳು.

"ಡಿಸೈನ್ ಯಾರದು ಅಂತ ಎಂಡಿ ಮುಂದೆ ನೀವೇ ಹೇಳ್ಬೇಕು. ಇಲ್ಲಾಂದ್ರೆ ನಾನೇ ಹೇಳ್ತೀನಿ."

"ಅಷ್ಟೇನಾ? ನಾಳೆ ಮೀಟಿಂಗಲ್ಲೇ ಹೇಳ್ತೀನಮ್ಮ."

ಮಾತಿನಂತೆ ಹೇಳಿದ. "ಇದ್ರಲ್ಲಿ ಒಂದು ಗೆರೆನೂ ನಂದಲ್ಲ ಸರ್. ಎಲ್ಲಾ ವಾರಿಜಾ ಅವ್ರದ್ದೇ."

ತಗ್ಗಿದ ಅವನ ತಲೆಯನ್ನು ವಾರಿಜಾ ಕಣ್ತುಂಬ ನೋಡಿದಳು. "ಹೌದು ಸರ್, ಪೂರ್ತಿ ನಂದೇ," ಎಂದಳು.

ಎಂಡಿ ಅವಳತ್ತ ತಿರುಗಿದರು.

"ಹಾಗಾದ್ರೆ ನಿನ್ನೆ ಡೀಸೆಲ್ ಟೆಸ್ಟಲ್ಲಿ ಬ್ಲಾಕ್ ಬಿರುಕು ಬಿಟ್ಟಿದ್ದಕ್ಕೂ ನೀವೇ ಉತ್ತರ ಕೊಡಿ."