ತೊಂಬತ್ತೇಳನೆಯ ಬೆಳಿಗ್ಗೆ

ಮೆಟ್ಟಿಲುಬಾವಿಯ ನೀರಿಗೆ ಕಾಲಿಡುವ ಮೊದಲು ಗಿರಮಲ್ಲಪ್ಪ ಧೋತರ ಎತ್ತಿ ಕಟ್ಟಿದ. ಬಲಗಾಲಿನ ಹಿಮ್ಮಡಿಯ ಮೇಲ್ಗಡೆ ಕಡಲೆಕಾಳಿನಷ್ಟು ಬೊಬ್ಬೆ ಎದ್ದಿತ್ತು. ರಾತ್ರಿಯೆಲ್ಲ ಉರಿದದ್ದು ಯಾಕೆಂದು ಆಗ ತಿಳಿಯಿತು. ನಾರುಹುಣ್ಣು.

ಬೀಳಗಿಯ ಆ ಓಣಿಗೆ ಅದೊಂದೇ ಬಾವಿ. ನಾರು ಎದ್ದವರು ಉರಿ ತಾಳದೆ ಕಾಲನ್ನು ನೀರಿಗೆ ಅದ್ದುತ್ತಾರೆ. ಬೊಬ್ಬೆ ಒಡೆದು ಒಳಗಿನ ನಾರುಹುಳುವಿನ ಮರಿಗಳು ನೀರು ಸೇರುತ್ತವೆ. ಆ ನೀರು ಕುಡಿದವರಿಗೆ ವರ್ಷ ತುಂಬುವ ಹೊತ್ತಿಗೆ ನಾರು ಏಳುತ್ತದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅನಂತ ಮಾಸ್ತರರು ತರಗತಿಯಲ್ಲಿ ಇದನ್ನು ಹೇಳಿಕೊಟ್ಟ ಮೇಲೆ ಗಿರಮಲ್ಲಪ್ಪ, ಶ್ರೀಧರ ಇಬ್ಬರೂ ಜನವರಿಯಿಂದ ಬೆಳಕು ಹರಿಯುತ್ತಲೇ ಬಾವಿಗೆ ಬರುತ್ತಿದ್ದರು. ಗಿರಮಲ್ಲಪ್ಪ ಒಬ್ಬನೇ ನೀರಿಗಿಳಿದು ಎಲ್ಲರ ಕೊಡ ತುಂಬಿಕೊಡುವುದು, ಶ್ರೀಧರ ಮೇಲಿನ ಮೆಟ್ಟಿಲಲ್ಲಿ ನಿಂತು ಎರಡು ಮಡಿಕೆ ಬಟ್ಟೆಯಲ್ಲಿ ಸೋಸುವುದು. ಒಂದು ದಿನವೂ ತಪ್ಪದೆ ನೂರು ದಿನ ಸೇವೆ ಮಾಡಿದವರ ಅಂಗಿಗೆ, ತಾಲೂಕುಗಳ ಮೇಲಿನ ಅಧಿಕಾರಿ ಪ್ರಾಂತಸಾಹೇಬರು ಹಿತ್ತಾಳೆಯ ಬಿಲ್ಲೆ ಚುಚ್ಚುವವರಿದ್ದರು. ಕುರಿಗಳ ಹಿಂದೆ ಕೃಷ್ಣೆಯಾಚೆ ಹೋಗಿದ್ದ ಅಪ್ಪ ಅಮಸಿದ್ದಪ್ಪ, ಅದನ್ನು ನೋಡಲೆಂದೇ ಬರುವುದಾಗಿ ಹೇಳಿ ಕಳಿಸಿದ್ದ.

ಬಾವಿಯ ಬಾಯಿಗೆ ಒಂದು ಹಲಗೆ ನೆಟ್ಟಿತ್ತು. ‘ನಾರು ಎದ್ದವರು ಒಂದು ಮೆಟ್ಟಿಲೂ ಇಳಿಯಬಾರದು.’ ಅದನ್ನು ಬರೆದವನು ಗಿರಮಲ್ಲಪ್ಪ. ದಿನಾ ಎಲ್ಲರ ಕಾಲು ನೋಡಿ ಒಳಗೆ ಬಿಡುತ್ತಿದ್ದವನೂ ಅವನೇ. ಅವನ ಕಾಲು ನೋಡುವವರು ಮಾತ್ರ ಯಾರೂ ಇರಲಿಲ್ಲ.

ಶ್ರೀಧರ ಕೆಳಗಿಳಿದು ಬಂದವನು ಬೊಬ್ಬೆ ನೋಡಿ ದನಿ ತಗ್ಗಿಸಿದ. “ಇನ್ನ ಮೂರ ದಿನಾ ಅದನೋ. ನೀರಿಗೆ ನಾ ಇಳೀತೇನಿ, ನೀ ಮ್ಯಾಲೆ ನಿಂತು ಬಟ್ಟಿ ಹಿಡಿ. ಯಾರಿಗೆ ಗೊತ್ತಾಗ್ತದ?”

ನಿಜವೇ. ಮೇಲೆ ನಿಂತು ಬಟ್ಟೆ ಹಿಡಿದರೆ ನೀರಿಗೇನೂ ಆಗುವುದಿಲ್ಲ. ಆದರೆ ಇಪ್ಪತ್ತನೆಯ ದಿನ, ನಾರು ಎದ್ದಿದ್ದ ಮುದುಕಿ ಸಾತವ್ವ ಮೇಲಿನ ಮೆಟ್ಟಿಲ ಮೇಲೆ ಬರೀ ಕೂತಿರುತ್ತೇನೆ ಅಂದಾಗ ಅವನು ಹಲಗೆ ತೋರಿಸಿ ವಾಪಸು ಕಳಿಸಿದ್ದ. ಅವಳು ದಾರಿಯುದ್ದಕ್ಕೂ ಅವನ ಮನೆತನವನ್ನೇ ಬೈಯುತ್ತ ಹೋಗಿದ್ದಳು. ಈಗ ಕಾಲು ವಾಸಿಯಾಗಿ, ಕೊಡ ಹಿಡಿದು ಸಾಲಿನ ಮೊದಲಿಗೆ ನಿಂತಿದ್ದಳು.

ಗಿರಮಲ್ಲಪ್ಪ ಮೆಟ್ಟಿಲು ಹತ್ತಿ ನೇರ ಅವಳ ಮುಂದೆ ಬಂದು ನಿಂತ. “ಆಯಿ, ನನ್ನ ಕಾಲ ನೋಡು.”

ಸಾತವ್ವ ಬಾಗಿದಳು. ಬಹಳ ಹೊತ್ತು ನೋಡಿದಳು. “ಎದ್ದೈತಿ. ನಡಿ ಮನಿಗೆ,” ಅಂದಳು. ಅವನು ಕುಂಟುತ್ತ ತಿರುವು ದಾಟುವಷ್ಟರಲ್ಲಿ ಅವಳ ದನಿ ಹಿಂದಿನಿಂದ ಕೇಳಿಸಿತು: “ಹೂಂ, ಸೀರಿ ಎತ್ತಿ ಕಾಲ ತೋರಸ್ರಿ ಎಲ್ಲಾರೂ.”

ನೂರು ದಿನ ತುಂಬಿದ ಮೇಲಿನ ಸಮಾರಂಭದಲ್ಲಿ ಬಿಲ್ಲೆ ಶ್ರೀಧರನಿಗೆ ಸಿಕ್ಕಿತು. ಅಮಸಿದ್ದಪ್ಪ ಕೊನೆಯ ಸಾಲಿನಲ್ಲಿ ಮಗನ ಪಕ್ಕ ಕೂತು ಚಪ್ಪಾಳೆ ಮುಗಿಯುವ ತನಕ ನೆಲ ನೋಡಿದ. ಮಗನ ಕಾಲಿನಿಂದ ದಿನಕ್ಕೆ ಎರಡು ಬೆರಳಿನಷ್ಟು ಹುಳುವನ್ನು ಕಡ್ಡಿಗೆ ಸುತ್ತಿ ತೆಗೆಯುತ್ತಿದ್ದರು. ಅದು ತುಂಡಾಗದೆ ಪೂರ್ತಿ ಬಂದ ದಿನ ಅನಂತ ಮಾಸ್ತರರು ಅದನ್ನು ಸ್ಪಿರಿಟ್ಟಿನ ಬಾಟಲಿಗೆ ಹಾಕಿ ಚೀಟಿ ಅಂಟಿಸಿದರು. ಚೀಟಿಯ ಕೆಳಗೆ ಒಂದು ಸಾಲು ಖಾಲಿ ಬಿಟ್ಟರು. ಯಾಕೆಂದು ಕೇಳಿದ್ದಕ್ಕೆ, ವರ್ಷ ಕಳೆಯಲಿ ಅಂದರು.

ಆ ವರ್ಷವಿಡೀ ಬಾವಿಯ ಬಾಯಿಗೆ ಸಾತವ್ವನೇ ಕೂತಳು. ಒಂದು ಬೆಳಿಗ್ಗೆ ಬಾವಿ ನೋಡಲು ಬಂದ ಅನಂತ ಮಾಸ್ತರರನ್ನೂ ಕಾಲು ನೋಡದೆ ಬಿಡಲಿಲ್ಲ.

ಮರುವರ್ಷ ಸೇವೆಯ ಸಮಾರಂಭವನ್ನು ಬೇಸಿಗೆ ಕಳೆದು ಜೂನಿನಲ್ಲೇ ಇಡಬೇಕೆಂದು ಮಾಸ್ತರರು ಹಟ ಹಿಡಿದರು. ಓಣಿಯ ಹೆಂಗಸರೆಲ್ಲ ಬಂದು ಕೂತಿದ್ದರು. ಅಮಸಿದ್ದಪ್ಪ ಈ ಸಲ ಮುಂದಿನ ಸಾಲಿನಲ್ಲಿದ್ದ. ಈ ಬೇಸಿಗೆಯಲ್ಲಿ ಎಷ್ಟು ಜನರಿಗೆ ನಾರು ಎದ್ದಿತು ಎಂದು ಪ್ರಾಂತಸಾಹೇಬರು ಕೇಳಿದರು. ಮಾಸ್ತರರು ಏಳುವ ಮೊದಲೇ ಸಾತವ್ವ ಎದ್ದು ನಿಂತಳು.

“ಒಬ್ಬರಿಗೂ ಇಲ್ರಿ ಸಾಹೇಬ್ರ. ಎಲ್ಲಾರ ಕಾಲೂ ನೋಡೇನಿ. ನಿಮ್ಮದೊಂದು ಉಳದೈತಿ.”

ಸಭೆ ನಕ್ಕಿತು. ಸಾಹೇಬರೂ ನಗುತ್ತ ಬೂಟುಗಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು.

ಅನಂತ ಮಾಸ್ತರರು ಗಿರಮಲ್ಲಪ್ಪನನ್ನು ವೇದಿಕೆಗೆ ಕರೆದು, ಬಾಟಲಿಯನ್ನು ಮೇಜಿನ ಮೇಲಿಟ್ಟರು. ಲೇಖನಿಯನ್ನು ಮಸಿಯಲ್ಲಿ ಅದ್ದಿ ಚೀಟಿಯ ಖಾಲಿ ಸಾಲಿನಲ್ಲಿ ಮೂರೇ ಶಬ್ದ ಬರೆದರು. ಮಸಿ ಆರುವ ತನಕ ಊದಿ, ಬಾಟಲಿಯನ್ನು ಅವನ ಕೈಗೆ ಕೊಟ್ಟು ಓದು ಅಂದರು.

ಓದು ಬಾರದ ಅಪ್ಪನಿಗೂ ಕೇಳಿಸುವ ಹಾಗೆ ಗಿರಮಲ್ಲಪ್ಪ ಗಟ್ಟಿಯಾಗಿ ಓದಿದ: “ನಾರುಹುಳು. ಗಿರಮಲ್ಲಪ್ಪನ ಬಲಗಾಲು. ಏಪ್ರಿಲ್ ೧೯೫೩. ಈ ಬಾವಿಯ ಕೊನೆಯದು.”